ಇಂಗ್ಲಿಷ್ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ: ಯಾಕೆ, ಏನು ಮಾಡಬಹುದು?

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿನ ಗೈಡ್‌ಗಳಿಗೆ, ಸಕಲೇಶಪುರ, ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವವರಿಗೆ, ಹಾಸನದಲ್ಲಿ ಡಿಗ್ರಿ ಮುಗಿಸಿ ಇಂಟರ್‌ವ್ಯೂ ಅಂತ ಬೆಂಗಳೂರಿಗೆ ಓಡಾಡುವ ಹುಡುಗ ಹುಡುಗಿಯರಿಗೆ ಮಾತಾಡುವ ಇಂಗ್ಲಿಷ್ ಈಗ ಹೊಟ್ಟೆಪಾಡಿನ ವಿಷಯ. ಇವರಲ್ಲಿ ಹೆಚ್ಚಿನವರ ದೂರು ಒಂದೇ: "ಎದುರಿನವರು ಹೇಳಿದ್ದೆಲ್ಲ ಅರ್ಥ ಆಗುತ್ತೆ, ನಾನು ಬಾಯಿ ಬಿಟ್ರೆ ಮಾತ್ರ ಒಂದೂ ಬರಲ್ಲ."

ಇದು ದಡ್ಡತನವೂ ಅಲ್ಲ, ಬರೀ ಸಂಕೋಚವೂ ಅಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಗಿದ್ದು 2007ರಲ್ಲಿ. ಆಗ ಶಾಲೆಗೆ ಸೇರಿದವರು ಈಗ ಡಿಗ್ರಿ ಮುಗಿಸಿದ್ದಾರೆ. ಹದಿನೈದು ವರ್ಷ ಇಂಗ್ಲಿಷ್ ಓದಿದ್ದಾರೆ, ನೋಟ್ಸ್ ಬರೆದಿದ್ದಾರೆ, ಪರೀಕ್ಷೆ ಪಾಸಾಗಿದ್ದಾರೆ. ಆ ಹದಿನೈದು ವರ್ಷದಲ್ಲಿ ಬಾಯಿಬಿಟ್ಟು ತಮ್ಮದೇ ವಾಕ್ಯ ಆಡಿದ ಹೊತ್ತನ್ನೆಲ್ಲ ಕೂಡಿಸಿದರೆ ಎಷ್ಟು ಗಂಟೆ ಆದೀತು? ತೊಡಕು ಇರುವುದು ಅಲ್ಲಿ.

## ತಿಳಿದಿರುವುದು ಬೇರೆ, ಬಾಯಿಗೆ ಬರುವುದು ಬೇರೆ

ಮಾತಾಡುವಾಗ ಮೂರು ಕೆಲಸ ನಡೆಯುತ್ತವೆ. ಏನು ಹೇಳಬೇಕು ಅಂತ ನಿರ್ಧರಿಸುವುದು ಮೊದಲನೆಯದು. ಅದಕ್ಕೆ ಪದ ಹುಡುಕಿ ವಾಕ್ಯ ಕಟ್ಟುವುದು ಎರಡನೆಯದು. ನಾಲಿಗೆ, ತುಟಿ, ಉಸಿರು ಆಡಿಸಿ ಅದನ್ನು ಹೊರಡಿಸುವುದು ಮೂರನೆಯದು. ನೆದರ್ಲೆಂಡ್ಸ್‌ನ ಮನೋಭಾಷಾ ವಿಜ್ಞಾನಿ ವಿಲೆಮ್ ಲೆವೆಲ್ಟ್ 1989ರಲ್ಲಿ ಮಂಡಿಸಿದ ಈ ಮಾದರಿಯನ್ನು ಭಾಷಾ ಕಲಿಕೆಯ ಸಂಶೋಧಕರು ಇಂದಿಗೂ ಬಳಸುತ್ತಾರೆ. ಕನ್ನಡದಲ್ಲಿ ಎರಡನೆಯ, ಮೂರನೆಯ ಕೆಲಸ ನಮ್ಮ ಗಮನಕ್ಕೇ ಬಾರದೆ ಆಗಿಹೋಗುತ್ತವೆ, ತಲೆಗೆ ಮೊದಲನೆಯದೊಂದೇ ಕೆಲಸ. ಇಂಗ್ಲಿಷಿನಲ್ಲಿ ಮೂರಕ್ಕೂ ತಲೆ ಕೊಡಬೇಕು. ಸಾಧಾರಣ ಮಾತುಕತೆ ಓಡುವುದು ನಿಮಿಷಕ್ಕೆ ಸುಮಾರು 150 ಪದಗಳ ವೇಗದಲ್ಲಿ, ಅಂದರೆ ಸೆಕೆಂಡಿಗೆ ಎರಡು ಮೂರು ಪದ. ಮನಸ್ಸಿನಲ್ಲಿ ಕನ್ನಡ ವಾಕ್ಯ ಮಾಡಿ, ಅದನ್ನು ಪದ ಪದವಾಗಿ ಇಂಗ್ಲಿಷಿಗೆ ತಿರುಗಿಸಿ, ವ್ಯಾಕರಣ ಸರಿ ಇದೆಯಾ ಅಂತ ನೋಡುವಷ್ಟರಲ್ಲಿ ಎದುರಿನವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ.

ಅಂಗಳದ ತುಂಬ ಕಾಫಿ ಬೀಜ ಒಣಗುತ್ತಿರಬಹುದು. ಆದರೆ ನೆಂಟರು ಬಂದು ಜಗಲಿ ಮೇಲೆ ಕೂತ ಗಳಿಗೆಯಲ್ಲಿ ಕೈಗೆ ಸಿಗಬೇಕಾದದ್ದು ಡಬ್ಬದಲ್ಲಿರುವ ಪುಡಿ. ಓದಿ ಕಲಿತ ಇಂಗ್ಲಿಷ್ ಅಂಗಳದ ಬೀಜ, ಮಾತಿಗೆ ಬೇಕಾದದ್ದು ಹುರಿದು ಪುಡಿಯಾಗಿರುವ ಇಂಗ್ಲಿಷ್. ಇನ್ನಷ್ಟು ಬೀಜ ತಂದು ಸುರಿದರೆ ಈ ಕೊರತೆ ನೀಗುವುದಿಲ್ಲ.

ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಹೆಚ್ಚಿನ ಪಾಠಗಳನ್ನು ಫ್ರೆಂಚಿನಲ್ಲೇ ಕಲಿಸುವ ಶಾಲೆಗಳಿವೆ. ವರ್ಷಗಟ್ಟಲೆ ಫ್ರೆಂಚ್ ಕೇಳಿದ ಆ ಮಕ್ಕಳಿಗೆ ಅರ್ಥವಾಗುವುದು ಹೆಚ್ಚುಕಡಿಮೆ ಫ್ರೆಂಚ್ ಮಕ್ಕಳಷ್ಟೇ ಚೆನ್ನಾಗಿತ್ತು, ಮಾತಿನಲ್ಲಿ ಮಾತ್ರ ತಪ್ಪುಗಳು ಉಳಿದೇ ಇದ್ದವು. ಮೆರಿಲ್ ಸ್ವೇನ್ ಎಂಬ ಸಂಶೋಧಕಿ 1985ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಹೀಗೆ: ಕೇಳುವಾಗ ಪ್ರತಿ ಪದವೂ ತಿಳಿಯಬೇಕಿಲ್ಲ, ಸಂದರ್ಭ ನೋಡಿ ಊಹೆ ಮಾಡಿದರೂ ನಡೆಯುತ್ತದೆ. ಮಾತಾಡುವಾಗ ವಾಕ್ಯವನ್ನು ನಾವೇ ಕಟ್ಟಬೇಕು, ಊಹೆಗೆ ಜಾಗವಿಲ್ಲ. ನಮಗೆ ಏನು ಬರುವುದಿಲ್ಲ ಅಂತ ನಮಗೇ ಗೊತ್ತಾಗುವುದು ಆಗಲೇ. ಸಬ್‌ಟೈಟಲ್ ಹಾಕಿಕೊಂಡು ಸಿನಿಮಾ ನೋಡಿದರೆ ಇಂಗ್ಲಿಷ್ ಬರುತ್ತದೆ ಎಂಬ ಸಲಹೆ ಅರ್ಧ ದಾರಿಗೆ ನಿಂತುಬಿಡುವುದು ಇದೇ ಕಾರಣಕ್ಕೆ.

## ಕನ್ನಡದ ವಾಕ್ಯ ಎಲ್ಲೆಲ್ಲಿ ಅಡ್ಡ ಬರುತ್ತದೆ

ಕನ್ನಡ ಮಾತಾಡುವವರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳು ಹೇಗೆಂದರೆ ಹಾಗೆ ಆಗುವಂಥವಲ್ಲ. ಬಹುಪಾಲು ತಪ್ಪುಗಳ ಬೇರು ಕನ್ನಡದ ವ್ಯಾಕರಣದಲ್ಲೇ ಇದೆ. ಬೇರು ಗೊತ್ತಾದರೆ ಸಾವಿರ ತಪ್ಪುಗಳನ್ನು ಬಿಡಿಬಿಡಿಯಾಗಿ ತಿದ್ದಬೇಕಿಲ್ಲ, ಐದಾರು ಅಭ್ಯಾಸ ಬದಲಿಸಿದರೆ ಆಯಿತು.

ಎಲ್ಲಕ್ಕಿಂತ ದೊಡ್ಡ ತೊಡಕು ವಾಕ್ಯದ ಜೋಡಣೆ. ಹೋಂಸ್ಟೇ ಕೌಂಟರಿನ ಒಂದು ಮಾತು ನೋಡಿ: "ನಿನ್ನೆ ಬಂದಿದ್ದ ಗೆಸ್ಟ್ ಮರೆತುಹೋದ ಚಾರ್ಜರ್ ಕೌಂಟರಲ್ಲಿದೆ." ಕನ್ನಡದಲ್ಲಿ ವಿವರಣೆಯೆಲ್ಲ ಮೊದಲು, ವಸ್ತು ಆಮೇಲೆ, ಕ್ರಿಯಾಪದ ಕಟ್ಟಕಡೆಗೆ. ಇಂಗ್ಲಿಷಿನಲ್ಲಿ ಯಾರು ಅನ್ನುವುದು ಮೊದಲು, ಏನು ಮಾಡಿದರು ಅನ್ನುವುದು ಅದರ ಬೆನ್ನಿಗೇ. ಕನ್ನಡದ ಕ್ರಮದಲ್ಲೇ ಹೊರಟವರು "ಯೆಸ್ಟರ್‌ಡೇ ಕೇಮ್ ಗೆಸ್ಟ್..." ಅನ್ನುವಲ್ಲಿ ಸಿಕ್ಕಿಕೊಳ್ಳುತ್ತಾರೆ. ಬಿಡಿಸಿಕೊಳ್ಳಲು ವ್ಯಾಕರಣ ಪುಸ್ತಕ ತೆರೆಯಬೇಕಿಲ್ಲ, ವಾಕ್ಯವನ್ನು ಎರಡು ಮಾಡಿದರೆ ಸಾಕು: "ಯೆಸ್ಟರ್‌ಡೇ ಎ ಗೆಸ್ಟ್ ಫರ್ಗಾಟ್ ಹಿಸ್ ಚಾರ್ಜರ್. ಇಟ್ ಈಸ್ ಅಟ್ ದಿ ಕೌಂಟರ್." ಕನ್ನಡದಲ್ಲಿ "ಬಂದ", "ಮರೆತ", "ಕೊಟ್ಟ", "ಹೇಳಿದ" ಎಂಬಂಥ ರೂಪ ನಾಮಪದಕ್ಕೆ ಮೊದಲು ಬಂದಿತೆಂದರೆ, ಇಂಗ್ಲಿಷಿನಲ್ಲಿ ಅಲ್ಲೊಂದು ಬೇರೆ ವಾಕ್ಯ ಅಂತ ಲೆಕ್ಕ. ಕಲಿಯುವವರ ಮಾತು ಓಡಲು ಇದರಷ್ಟು ಬೇಗ ನೆರವಾಗುವ ಉಪಾಯ ಇನ್ನೊಂದಿಲ್ಲ. ಚಿಕ್ಕ ವಾಕ್ಯ ಆಡಿದರೆ ದಡ್ಡರಂತೆ ಕಾಣುತ್ತೇವೆ ಅನ್ನುವ ಭಯ ಬೇಡ. ಇಂಗ್ಲಿಷ್ ಮನೆಮಾತಾಗಿರುವವರ ಮಾತುಕತೆಯಲ್ಲೂ ಚಿಕ್ಕ ವಾಕ್ಯಗಳೇ ಹೆಚ್ಚು.

ಎರಡನೆಯದು "ನನಗೆ". ನನಗೆ ಗೊತ್ತು, ನನಗೆ ಹಸಿವಾಗಿದೆ, ನನಗೆ ಜ್ವರ, ನನಗೆ ಇಬ್ಬರು ಮಕ್ಕಳು. ಕನ್ನಡದಲ್ಲಿ ಇವೆಲ್ಲ ನನ್ನ ಬಳಿಗೆ ಬಂದ ಸಂಗತಿಗಳು. ಇಂಗ್ಲಿಷಿನಲ್ಲಿ ಎಲ್ಲವೂ "ಐ" ಇಂದಲೇ ಶುರು: ಐ ನೋ, ಐ ಆಮ್ ಹಂಗ್ರಿ, ಐ ಹ್ಯಾವ್ ಎ ಫೀವರ್, ಐ ಹ್ಯಾವ್ ಟೂ ಚಿಲ್ಡ್ರನ್. "ಹ್ಯಾವ್" ಅನ್ನುವುದಕ್ಕೆ ಕನ್ನಡದಲ್ಲಿ ನೇರ ಕ್ರಿಯಾಪದವೇ ಇಲ್ಲ, "ಇದೆ" ಅಂದರೆ ಮುಗಿಯಿತು. ಹಾಗಾಗಿ ಅದು ತಾನಾಗಿ ಬಾಯಿಗೆ ಬರುವುದಿಲ್ಲ, ಬೇಕೆಂದೇ ರೂಢಿ ಮಾಡಿಕೊಳ್ಳಬೇಕು.

ಮೂರನೆಯದು ಇಂಟರ್‌ವ್ಯೂನ ಮೊದಲ ಉತ್ತರದಲ್ಲೇ ಸಿಕ್ಕಿಬೀಳುವ ತಪ್ಪು. "ನನ್ನ ಹೆಸರು ರವಿ" ಎಂಬ ವಾಕ್ಯದಲ್ಲಿ ಕ್ರಿಯಾಪದವಿಲ್ಲ, ಬೇಕಾಗಿಯೂ ಇಲ್ಲ. ಅದೇ ಅಚ್ಚಿನಲ್ಲಿ "ಮೈಸೆಲ್ಫ್ ರವಿ" ಹೊರಡುತ್ತದೆ. "ಐ ಆಮ್ ರವಿ" ಅಂದರೆ ಸರಿ. ಅದರ ಬೆನ್ನಿಗೇ ಬರುವ "ಐ ಆಮ್ ಕಮಿಂಗ್ ಫ್ರಮ್ ಅರಸೀಕೆರೆ" ಅಂದರೆ, ಈಗಷ್ಟೇ ಅರಸೀಕೆರೆಯಿಂದ ಬರುತ್ತಿದ್ದೇನೆ, ಇನ್ನೂ ದಾರಿಯಲ್ಲಿದ್ದೇನೆ ಎಂದರ್ಥ. ಊರು ಹೇಳಲು "ಐ ಆಮ್ ಫ್ರಮ್ ಅರಸೀಕೆರೆ" ಸಾಕು.

ಕಾಲದ ವಿಷಯ ಸ್ವಲ್ಪ ಬಿಗಿ. "ಎರಡು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದ್ದೀನಿ" ಎಂಬುದು "ಫ್ರಮ್ ಟೂ ಇಯರ್ಸ್ ಐ ಆಮ್ ವರ್ಕಿಂಗ್ ಹಿಯರ್ ಓನ್ಲಿ" ಆಗುತ್ತದೆ. "ಇಂದ" ಹೋಗಿ "ಫ್ರಮ್" ಆಯಿತು, "ಇಲ್ಲೇ"ಯ ಏಕಾರ "ಓನ್ಲಿ" ಆಯಿತು. ಸರಿಯಾದದ್ದು "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್." ಎಷ್ಟು ಹೊತ್ತು ಅಥವಾ ಎಷ್ಟು ವರ್ಷ ಅನ್ನುವುದಕ್ಕೆ "ಫಾರ್", ಯಾವಾಗಿನಿಂದ ಅನ್ನುವುದಕ್ಕೆ "ಸಿನ್ಸ್". ಹಾಗೆಯೇ "ನಿನ್ನೆ ನೋಡಿದ್ದೀನಿ" ಎಂಬುದನ್ನು "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ಅನ್ನುವವರು ಬಹಳ. ನಿನ್ನೆ, ಹೋದ ವಾರ, 2020ರಲ್ಲಿ ಅಂತ ಮುಗಿದುಹೋದ ಹೊತ್ತನ್ನು ಹೆಸರಿಸಿದರೆ "ಹ್ಯಾವ್" ಬರಬಾರದು: "ಐ ಸಾ ಹಿಮ್ ಯೆಸ್ಟರ್‌ಡೇ."

ಪ್ರಶ್ನೆ ಕೇಳುವಾಗ ಕನ್ನಡ ಪದಗಳ ಜಾಗ ಬದಲಿಸುವುದಿಲ್ಲ, ಇಂಗ್ಲಿಷ್ ಬದಲಿಸುತ್ತದೆ. "ವೇರ್ ಯು ಆರ್ ಗೋಯಿಂಗ್?" ಅಲ್ಲ, "ವೇರ್ ಆರ್ ಯು ಗೋಯಿಂಗ್?" ಹಾಗೆಯೇ "ವೆನ್ ಯು ಕೇಮ್?" ಹೋಗಿ "ವೆನ್ ಡಿಡ್ ಯು ಕಮ್?" ಆಗಬೇಕು.

ಇನ್ನು "ಎ", "ಆನ್", "ದಿ". ಕನ್ನಡದಲ್ಲಿ ಇಲ್ಲದ ಇವನ್ನು ಪೂರ್ತಿ ಹಿಡಿತಕ್ಕೆ ತರಲು ವರ್ಷಗಳು ಬೇಕು. ಬಿಟ್ಟುಹೋದರೂ ಸಾಮಾನ್ಯವಾಗಿ ಅರ್ಥ ಕೆಡುವುದಿಲ್ಲ. ಶುರುವಿನ ಆರು ತಿಂಗಳು ಇವುಗಳ ಹಿಂದೆ ಬೀಳದಿದ್ದರೆ ಗಂಟೇನೂ ಹೋಗುವುದಿಲ್ಲ.

ಇವನ್ನೆಲ್ಲ ತಿಳಿದುಕೊಂಡು ಸುಮ್ಮನಾದರೆ ಮತ್ತೆ ಅಂಗಳದ ಬೀಜವೇ ಆಯಿತು. ಒಂದು ಅಚ್ಚು ಹಿಡಿದು ನಾಲಿಗೆಗೆ ಕೂರಿಸಬೇಕು. ಉದಾಹರಣೆಗೆ "ಐ ಹ್ಯಾವ್ ಬೀನ್ ... ಫಾರ್ ..." ಎಂಬ ಅಚ್ಚು ತೆಗೆದುಕೊಳ್ಳಿ. ನಿಮ್ಮ ಬದುಕಿನದೇ ಹತ್ತು ನಿಜವಾದ ಸಂಗತಿಗಳನ್ನು ಅದಕ್ಕೆ ತುಂಬಿ: ಈ ಊರಲ್ಲಿ ಇರುವುದು, ಈ ಬೈಕ್ ಓಡಿಸುತ್ತಿರುವುದು, ಮಳೆಗೆ ಕಾಯುತ್ತಿರುವುದು. ಹತ್ತನ್ನೂ ಗಟ್ಟಿಯಾಗಿ ಹೇಳಿ. ಮರುದಿನ ಬೇರೆ ಹತ್ತು. ಒಂದು ಅಚ್ಚಿಗೆ ಒಂದು ವಾರ ಕೊಡಿ. ದಿನಕ್ಕೆ ಐದು ಅಚ್ಚು ಅಂತ ಹೊರಟವರಿಗೆ ವಾರದ ಕೊನೆಗೆ ಒಂದೂ ಕೈಗೆ ಸಿಗುವುದಿಲ್ಲ.

## ಎಷ್ಟು ಪದ ಬೇಕು?

ಅಂದುಕೊಂಡದ್ದಕ್ಕಿಂತ ಕಡಿಮೆ. ಹಿಂದೆ ಢಾಕಾದಲ್ಲಿ ಇಂಗ್ಲಿಷ್ ಕಲಿಸಿದ್ದ ಮೈಕಲ್ ವೆಸ್ಟ್, ಅತಿ ಹೆಚ್ಚು ಬಳಕೆಯ ಸುಮಾರು 2000 ಪದಗಳ ಪಟ್ಟಿಯೊಂದನ್ನು 1953ರಲ್ಲಿ ಹೊರತಂದರು. ದಿನನಿತ್ಯದ ಮಾತಿನ ಬಹುಪಾಲು ಅಷ್ಟರಲ್ಲೇ ನಡೆಯುತ್ತದೆ. ಪಿಯುಸಿ ಓದಿದವರಿಗೆ ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಪರಿಚಿತ, ಬಾಯಿಗೆ ಅಪರಿಚಿತ ಅಷ್ಟೆ. ದಿನಕ್ಕೆ ಹತ್ತು ಕಷ್ಟದ ಪದ ಬಾಯಿಪಾಠ ಮಾಡುವುದಕ್ಕಿಂತ ಗೆಟ್, ಟೇಕ್, ಪುಟ್, ಗಿವ್, ಕೀಪ್, ಲೀವ್ ಇಂಥ ಪದಗಳಿಂದ ಹತ್ತು ಕೆಲಸ ಮಾಡಿಸಿಕೊಳ್ಳುವುದು ಲಾಭ. ಅದರ ಮೇಲೆ ನಿಮ್ಮ ಕಸುಬಿನ ನೂರು ಪದ ಸೇರಿಸಿ. ಹೋಂಸ್ಟೇಯವರದು ಬೇರೆ ನೂರು, ಅಕೌಂಟ್ಸ್ ಕೆಲಸಕ್ಕೆ ಹೋಗುವವರದು ಬೇರೆ ನೂರು.

## ಉಚ್ಚಾರ: ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬಹುದು

ಲಂಡನ್ನಿನವರಂತೆ ಮಾತಾಡುವುದು ಗುರಿಯಲ್ಲ. ಕೇಳಿದವರಿಗೆ ಒಂದೇ ಸಲಕ್ಕೆ ಅರ್ಥವಾಗಬೇಕು, ಅಷ್ಟೇ. ಈ ಅಳತೆಗೋಲು ಇಟ್ಟುಕೊಂಡರೆ ಅರ್ಧ ಕೆಲಸ ಕಡಿಮೆಯಾಗುತ್ತದೆ. "ದಿಸ್", "ಥಿಂಕ್" ಪದಗಳನ್ನು ನಮ್ಮ ದ, ಥಗಳಲ್ಲೇ ಹೇಳಬಹುದು. ಬೇರೆ ಬೇರೆ ಮನೆಮಾತಿನವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ಈ ಧ್ವನಿ ವ್ಯತ್ಯಾಸದಿಂದ ಅರ್ಥಕ್ಕೆ ತೊಂದರೆಯಾಗುವುದಿಲ್ಲ ಎಂದು ಬ್ರಿಟನ್ನಿನ ಜೆನಿಫರ್ ಜೆಂಕಿನ್ಸ್ 2000ದಲ್ಲೇ ವಾದಿಸಿದ್ದರು. ನಮ್ಮ ಟ, ಡ, ರಕಾರಗಳೂ ಇದ್ದ ಹಾಗೇ ಇರಲಿ.

ತಿದ್ದಬೇಕಾದವು ಬೇರೆ ಇವೆ. ತೋಟ ತೋರಿಸಲು ಅತಿಥಿಗಳನ್ನು ಕರೆದುಕೊಂಡು ಹೋದಾಗ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ತೋರಿಸಿ "ಪೆಪರ್ ವೈನ್" ಅನ್ನುತ್ತೀರಿ. ಎದುರಿನವರು ಮೆಣಸಿನಿಂದ ಮಾಡಿದ ವೈನ್ ಅಂದುಕೊಂಡರೆ ತಪ್ಪು ಅವರದಲ್ಲ. ಬಳ್ಳಿಯ "ವೈನ್"ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ತುಟಿಯಲ್ಲಿ ಸಣ್ಣ ನಡುಕ ತಿಳಿಯಬೇಕು. ಕುಡಿಯುವ "ವೈನ್"ಗೆ ಹಲ್ಲು ತಾಗಲೇಬಾರದು. "ಉ" ಅನ್ನುವಂತೆ ತುಟಿ ದುಂಡಗೆ ಮಾಡಿ ಅಲ್ಲಿಂದ "ಆಯ್ನ್"ಗೆ ಜಾರಿದರೆ ಸರಿಯಾಗಿ ಬರುತ್ತದೆ. ಕನ್ನಡದ ವಕಾರ ಇವೆರಡರ ನಡುವೆ ಎಲ್ಲೋ ಇರುವುದರಿಂದ ನಮ್ಮ ಬಾಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ.

ಕನ್ನಡದಲ್ಲಿ ಪದದ ಶುರುವಿನ ಎ, ಏ, ಇಗಳಿಗೆ ಯಕಾರದ ಸೋಂಕು, ಒ, ಓಗಳಿಗೆ ವಕಾರದ ಸೋಂಕು ತಾನಾಗಿ ಅಂಟುತ್ತದೆ. "ಎಲೆ" ಬರೆದರೂ ಬಾಯಲ್ಲಿ "ಯೆಲೆ", "ಒಂದು" ಬರೆದರೂ "ವೊಂದು". ಅದೇ ಇಂಗ್ಲಿಷಿಗೆ ದಾಟಿ ಯೆಗ್, ಯೆಂಟ್ರಿ, ವೋಪನ್ ಆಗುತ್ತದೆ. ಪೂರ್ವ ದಿಕ್ಕಿನ "ಈಸ್ಟ್" ಹೋಗಿ ಬ್ರೆಡ್ಡಿಗೆ ಹಾಕುವ "ಯೀಸ್ಟ್" ಆದಾಗ ಅರ್ಥವೂ ಕೆಡುತ್ತದೆ. ಇದನ್ನು ಬಿಡಿಸಲು ಹಿಂದಿನ ಪದದ ಕೊನೆಯ ವ್ಯಂಜನವನ್ನು ಮುಂದಿನದಕ್ಕೆ ಅಂಟಿಸಿ: "ಆನ್ ಎಗ್" ಅನ್ನುವುದನ್ನು "ಅನೆಗ್" ಅಂತ, "ಅಟ್ ಏಟ್" ಅನ್ನುವುದನ್ನು "ಅಟೇಟ್" ಅಂತ. ನಡುವೆ ಯಕಾರ ನುಸುಳಲು ಜಾಗವೇ ಇರುವುದಿಲ್ಲ. ಇಂಗ್ಲಿಷ್ ಮನೆಮಾತಿನವರು ಮಾತಾಡುವುದೂ ಹೀಗೆ ಬೆಸೆದುಕೊಂಡೇ.

ಹಳ್ಳಿ ಮಾತಿನಲ್ಲಿ "ಹಾಸನ" "ಆಸನ"ವಾಗುವಂತೆ ಹಕಾರ ಬಿಟ್ಟುಹೋಗುವ ರೂಢಿ ಇದ್ದರೆ "ಹಿಲ್" ಹೋಗಿ "ಇಲ್" ಆಗುತ್ತದೆ. ಬೆಟ್ಟಕ್ಕೆ ಹೋಗುವ ಮಾತು ಕಾಯಿಲೆಯ ಮಾತಾಗುತ್ತದೆ. ಅಂಗೈಯನ್ನು ಬಾಯ ಮುಂದೆ ಹಿಡಿದು ಹೇಳಿ ನೋಡಿ. ಹಕಾರಕ್ಕೆ ಬಿಸಿಯುಸಿರು ತಾಗಬೇಕು.

ಇನ್ನೊಂದು, ಕನ್ನಡದ ಪದ ಸಾಧಾರಣವಾಗಿ ಸ್ವರದಲ್ಲಿ ಮುಗಿಯುವುದರಿಂದ ನಾವು ಬಸ್ಸು, ಲೈಟು, ಪೇಜು ಅಂತ ಬಾಲ ಸೇರಿಸುತ್ತೇವೆ. ಕನ್ನಡ ಮಾತಾಡುವಾಗ ಅದು ಸರಿಯೇ. ಇಂಗ್ಲಿಷ್ ಮಾತಾಡುವಾಗ ವ್ಯಂಜನದಲ್ಲೇ ಬಾಯಿ ನಿಲ್ಲಿಸಬೇಕು. ಇದರ ಜೊತೆಗೇ ಬರುವ ಎಡವಟ್ಟು ಭೂತಕಾಲದ "ಎಡ್". ಕುಕೆಡ್, ವಾಷೆಡ್ ಅಂತ ಬರೆದಂತೆ ಓದಬಾರದು, ಕುಕ್ಟ್, ವಾಷ್ಟ್. "ಕಾಲ್" ಆದರೆ "ಕಾಲ್ಡ್". ಮೂಲ ಪದವೇ ಟ್ ಅಥವಾ ಡ್ ಧ್ವನಿಯಲ್ಲಿ ಮುಗಿದಿದ್ದರೆ ಮಾತ್ರ "ಇಡ್" ಸೇರುತ್ತದೆ: ವಾಂಟೆಡ್, ನೀಡೆಡ್.

ಒತ್ತು ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. ನಾವು ಪದದ ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಆಡುತ್ತೇವೆ. ಇಂಗ್ಲಿಷ್ ಒಂದನ್ನು ಎತ್ತಿ ಹಿಡಿದು ಉಳಿದವನ್ನು ನುಂಗಿಬಿಡುತ್ತದೆ. "ಹೋಟೆಲ್"ನಲ್ಲಿ ಒತ್ತು "ಟೆಲ್" ಮೇಲೆ. "ಡೆವಲಪ್"ನಲ್ಲಿ ನಡುವಿನ "ವೆ" ಮೇಲೆ. "ಫೋಟೊಗ್ರಾಫ್"ನಲ್ಲಿ ಮೊದಲ ಅಕ್ಷರದ ಮೇಲಿದ್ದ ಒತ್ತು ಫೋಟೊ ತೆಗೆಯುವವರ ಹೆಸರಿಗೆ ಬಂದಾಗ ಎರಡನೆಯದಕ್ಕೆ ಜಿಗಿದು "ಫಟಾಗ್ರಫರ್" ಆಗುತ್ತದೆ. "ಕಂಫರ್ಟಬಲ್" ಬಾಯಲ್ಲಿ "ಕಂಫ್ಟಬಲ್" ಅಷ್ಟೇ. ಕೇಂಬ್ರಿಡ್ಜ್ ನಿಘಂಟು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಪದದ ಪಕ್ಕದ ಸ್ಪೀಕರ್ ಗುರುತು ಒತ್ತಿದರೆ ಉಚ್ಚಾರ ಕೇಳಿಸುತ್ತದೆ, ಒತ್ತು ಬೀಳುವ ಭಾಗ ಶುರುವಾಗುವ ಮೊದಲು ಮೇಲುಗಡೆ ಸಣ್ಣ ನಿಲುಗೆರೆ ಇರುತ್ತದೆ.

ಎಡವುವ ಇನ್ನೊಂದು ಜಾಗ "ಕ್ಯಾನ್". "ಬರಬಲ್ಲೆ" ಅನ್ನಲು "ಐ ಕ್ಯಾನ್ ಕಮ್" ಅಂತ ಕ್ಯಾನ್ ಅನ್ನು ಒತ್ತಿ ಹೇಳಿದರೆ ಅಮೆರಿಕದವರ ಕಿವಿಗೆ "ಬರಲಾರೆ" ಅಂತ ಕೇಳಿಸಬಹುದು. ಬರುತ್ತೇನೆ ಅನ್ನುವಾಗ ಅದು ಸಣ್ಣ "ಕನ್" ಆಗಿ, ಒತ್ತು "ಕಮ್" ಮೇಲೆ ಬೀಳಬೇಕು.

ಉಚ್ಚಾರ ಸರಿ ಬಂತೋ ಇಲ್ಲವೋ ನೋಡಲು ಮೊಬೈಲಿನ ವಾಯ್ಸ್ ಟೈಪಿಂಗ್ ಸಾಕು. ಭಾಷೆಯನ್ನು ಇಂಗ್ಲಿಷಿಗೆ ಇಟ್ಟು ಒಂಟಿ ಪದಗಳನ್ನು ಹೇಳಿ, ಏನು ಟೈಪ್ ಆಗುತ್ತದೆ ನೋಡಿ. ಪೂರ್ತಿ ವಾಕ್ಯ ಹೇಳಿದರೆ ಫೋನು ಸಂದರ್ಭ ನೋಡಿ ತಾನೇ ತಿದ್ದಿಕೊಂಡುಬಿಡುತ್ತದೆ, ನಿಮ್ಮ ತಪ್ಪು ಮುಚ್ಚಿಹೋಗುತ್ತದೆ.

## ನಾಲ್ಕು, ಮೂರು, ಎರಡು ನಿಮಿಷ

ಮಾತಿನ ಓಟ ಹೆಚ್ಚಿಸಲು ನ್ಯೂಜಿಲೆಂಡ್‌ನ ಭಾಷಾ ವಿದ್ವಾಂಸ ಪಾಲ್ ನೇಷನ್ ಮತ್ತಿತರರು ಶಿಫಾರಸು ಮಾಡುವ ಒಂದು ಅಭ್ಯಾಸವಿದೆ. ಒಂದೇ ವಿಷಯವನ್ನು ಮೂರು ಸಲ, ಬೇರೆ ಬೇರೆ ಕೇಳುಗರಿಗೆ ಹೇಳಬೇಕು. ಮೊದಲ ಸಲ ನಾಲ್ಕು ನಿಮಿಷ, ಎರಡನೇ ಸಲ ಮೂರು, ಕೊನೆಗೆ ಎರಡು. ಏನು ಹೇಳಬೇಕು ಎಂಬುದು ಮೊದಲ ಸುತ್ತಿನಲ್ಲೇ ತೀರ್ಮಾನವಾಗಿರುವುದರಿಂದ ಎರಡನೆಯ, ಮೂರನೆಯ ಸುತ್ತಿನಲ್ಲಿ ತಲೆಗೆ ವಾಕ್ಯ ಕಟ್ಟುವ ಕೆಲಸವೊಂದೇ ಉಳಿಯುತ್ತದೆ. ಹೊತ್ತು ಕಡಿಮೆಯಾಗುವುದರಿಂದ ತಡವರಿಕೆ ಉದುರುತ್ತದೆ.

ಕೇಳಲು ಜನ ಇಲ್ಲದಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೋಂಸ್ಟೇ ನಡೆಸುವವರಾದರೆ, ಅತಿಥಿ ಕಾರಿಂದ ಇಳಿದಾಗ ಹೇಳುವುದನ್ನೇ ವಿಷಯ ಮಾಡಿಕೊಳ್ಳಿ. ಚೀಟಿಯಲ್ಲಿ ಐದು ಪದ ಸಾಕು: ಬಿಸಿನೀರು, ಊಟ, ಜಿಗಣೆ, ನೆಟ್‌ವರ್ಕ್, ಚೆಕ್‌ಔಟ್. ವಾಕ್ಯ ಬರೆದುಕೊಳ್ಳಬಾರದು. ಬರೆದರೆ ಅದು ಓದುವ ಅಭ್ಯಾಸವಾಗುತ್ತದೆ, ಅತಿಥಿ ನಡುವೆ ಒಂದು ಪ್ರಶ್ನೆ ಕೇಳಿದರೆ ಎಲ್ಲ ಮರೆತುಹೋಗುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲಿ ಬಾಯಿ ಕಟ್ಟಿತು ಎಂದು ಗುರುತು ಮಾಡಿಕೊಂಡು ಎರಡು ಮೂರನ್ನಷ್ಟೇ ಹುಡುಕಿ. ಜಿಗಣೆಗೆ "ಲೀಚ್". ಕಿತ್ತು ಎಳೆಯಬೇಡಿ ಅನ್ನಲು "ಡೋಂಟ್ ಪುಲ್ ಇಟ್." ಬಿಸಿನೀರು ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಅನ್ನಲು "ಯು ಗೆಟ್ ಹಾಟ್ ವಾಟರ್ ಫ್ರಮ್ ಸಿಕ್ಸ್ ಟು ನೈನ್." ಅಷ್ಟು ತುಂಬಿಕೊಂಡು ಎರಡನೇ ಸುತ್ತಿಗೆ ಹೋಗಿ. ನಾಲ್ಕು ನಿಮಿಷ ಜಾಸ್ತಿ ಅನ್ನಿಸಿದರೆ ಎರಡು, ಒಂದೂವರೆ, ಒಂದು ಅಂತ ಇಳಿಸಿಕೊಳ್ಳಬಹುದು.

ಇದು ಕೆಡುವುದು ಎರಡು ಕಡೆ. ವಿಷಯ ವಿಪರೀತ ಕಷ್ಟದ್ದಾದರೆ ಮೂರೂ ಸುತ್ತು ತಡವರಿಕೆಯಲ್ಲೇ ಕಳೆಯುತ್ತದೆ. ಜಾಗತಿಕ ತಾಪಮಾನ ಬೇಡ, ಬೆಳಗ್ಗೆ ತೋಟದಲ್ಲಿ ಏನು ಕೆಲಸ ಆಯಿತು ಅನ್ನುವುದು ಸಾಕು. ಇನ್ನೊಂದು, ಗಡಿಯಾರಕ್ಕೆ ಹೆದರಿ ಪದಗಳನ್ನು ನುಂಗುತ್ತಾ ಓಡುವುದು. ಹಾಗಾದಾಗ ಮೂರನೇ ಸುತ್ತಿನ ರೆಕಾರ್ಡಿಂಗ್ ನಿಮಗೇ ಅರ್ಥವಾಗುವುದಿಲ್ಲ. ವಿಷಯದಲ್ಲಿ ಒಂದು ಅಂಶ ಕಡಿಮೆ ಮಾಡಿ, ವೇಗ ಇದ್ದಂತೆ ಇರಲಿ.

## ನೆರಳಿನಂತೆ ಹಿಂಬಾಲಿಸುವ ಅಭ್ಯಾಸ

ದುಭಾಷಿಗಳ ತರಬೇತಿಯಲ್ಲಿ ಬಳಸುವ ವಿಧಾನವಿದು, ಹೆಸರು ಶ್ಯಾಡೋಯಿಂಗ್. ಒಬ್ಬರು ಮಾತಾಡುತ್ತಿರುವಾಗಲೇ ಅರೆ ಸೆಕೆಂಡು ಹಿಂದೆ ಉಳಿದು ಅದನ್ನೇ ಗಟ್ಟಿಯಾಗಿ ಹೇಳುತ್ತ ಹೋಗುವುದು. ಏನು ಹೇಳಬೇಕೆಂಬ ಚಿಂತೆ ಇಲ್ಲಿಲ್ಲ, ಬಾಯಿಗೆ ಮಾತ್ರ ಕೆಲಸ. ಒತ್ತು, ಏರಿಳಿತ, ಪದಗಳ ಬೆಸುಗೆ ಎಲ್ಲವೂ ನಾಲಿಗೆಗೆ ಇಳಿಯುತ್ತವೆ.

ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ "6 ಮಿನಿಟ್ ಇಂಗ್ಲಿಷ್" ಉಚಿತ, ಅದರ ಪೂರ್ತಿ ಬರಹವೂ ಸಿಗುತ್ತದೆ. ಆರು ನಿಮಿಷ ಪೂರ್ತಿ ಬೇಡ, ಒಂದು ನಿಮಿಷದ ತುಣುಕು ಸಾಕು. ಬರಹ ನೋಡದೆ ಎರಡು ಸಲ ಕೇಳಿ. ಆಮೇಲೆ ಬರಹ ತೆಗೆದು ಗೊತ್ತಿಲ್ಲದ ಪದ ನೋಡಿಕೊಳ್ಳಿ. ಬರಹ ನೋಡುತ್ತ ಜೊತೆಯಲ್ಲಿ ಎರಡು ಮೂರು ಸಲ ಹೇಳಿ, ಕೊನೆಗೆ ಬರಹ ಮುಚ್ಚಿಟ್ಟು ನಾಲ್ಕೈದು ಸಲ. ವೇಗ ಹಿಡಿಯಲಾಗದಿದ್ದರೆ 0.75ಕ್ಕೆ ಇಳಿಸಿ, ಎರಡು ದಿನದಲ್ಲಿ ಮತ್ತೆ ಏರಿಸಿ. ಮನಸ್ಸಿನಲ್ಲೇ ಹೇಳಿಕೊಂಡರೆ ಅಥವಾ ಬರೀ ತುಟಿ ಆಡಿಸಿದರೆ ಪ್ರಯೋಜನ ಇಲ್ಲ. ಮನೆಯವರ ಮುಂದೆ ನಾಚಿಕೆಯಾದರೆ ತೋಟದ ಕಡೆ ನಡೆಯುತ್ತ ಇಯರ್‌ಫೋನ್ ಹಾಕಿಕೊಂಡು ಮಾಡಿ. ಸಿನಿಮಾ ಸಂಭಾಷಣೆಯಿಂದ ಶುರು ಮಾಡುವುದು ಬೇಡ: ಹಿನ್ನೆಲೆ ಸಂಗೀತ, ಗ್ರಾಮ್ಯ ಮಾತು, ಅರ್ಧಂಬರ್ಧ ವಾಕ್ಯ.

## ನಡುವೆ ಪದ ಸಿಗದಿದ್ದರೆ

ಪದ ಸಿಗದೇ ಇರುವುದು ಎಲ್ಲರಿಗೂ ಆಗುತ್ತದೆ. ಚೆನ್ನಾಗಿ ಮಾತಾಡುವವರು ಆಗ ನಿಲ್ಲುವುದಿಲ್ಲ, ಬಳಸಿಕೊಂಡು ಹೋಗುತ್ತಾರೆ. ಹಂಡೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಅಂತ ತಡಕಾಡುವ ಬದಲು "ಎ ಬಿಗ್ ಕಾಪರ್ ಪಾಟ್ ಫಾರ್ ಹೀಟಿಂಗ್ ಬಾತ್ ವಾಟರ್" ಅಂದರೆ ಎದುರಿನವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಯಾವ ಬಗೆಯ ವಸ್ತು, ಹೇಗಿದೆ, ಯಾತಕ್ಕೆ ಬಳಸುತ್ತಾರೆ, ಈ ಮೂರು ಹೇಳಿದರೆ ಬಹುತೇಕ ಯಾವ ವಸ್ತುವನ್ನೂ ದಾಟಿಸಬಹುದು. ಅಡುಗೆಮನೆ, ಕೊಟ್ಟಿಗೆ, ಕಣ ಎಲ್ಲಿ ನಿಂತರೂ ಅಭ್ಯಾಸಕ್ಕೆ ವಸ್ತು ಸಿಗುತ್ತದೆ: ಒರಳು, ಮೊರ, ಕಂಬಳಿ, ನೊಗ.

ಅರ್ಥವಾಗದಾಗ "ಯೆಸ್ ಯೆಸ್" ಅಂತ ತಲೆಯಾಡಿಸುವುದು ಇಂಟರ್‌ವ್ಯೂಗಳಲ್ಲಿ ದುಬಾರಿ ಬೀಳುತ್ತದೆ. "ಸಾರಿ, ಕುಡ್ ಯು ಸೇ ದಟ್ ಅಗೇನ್?" ಮತ್ತು "ಡು ಯು ಮೀನ್...?" ಇವೆರಡು ನಿದ್ದೆಯಲ್ಲೂ ಬರುವಂತಿರಬೇಕು. ಎರಡನೆಯದು ಹೆಚ್ಚು ಉಪಯೋಗಿ. ನೀವು ಎಷ್ಟು ಅರ್ಥಮಾಡಿಕೊಂಡಿರಿ ಅನ್ನುವುದು ಅವರಿಗೆ ತಿಳಿಯುತ್ತದೆ, ನಿಮಗೆ ಯೋಚಿಸಲು ನಾಲ್ಕು ಸೆಕೆಂಡು ಸಿಗುತ್ತದೆ.

ಜೊತೆಗೆ ಅಭ್ಯಾಸ ಮಾಡುವ ಗೆಳೆಯರಿದ್ದರೆ, ಮಾತಿನ ನಡುವೆ ತಿದ್ದಬಾರದು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಕೇಳುವವರು ತಪ್ಪುಗಳನ್ನು ಬರೆದಿಟ್ಟುಕೊಂಡು ಕೊನೆಗೆ ಎರಡನ್ನು ಮಾತ್ರ ಹೇಳಲಿ. ಹತ್ತು ಹೇಳಿದರೆ ಮರುದಿನ ಆ ಗೆಳೆಯ ಬರುವುದಿಲ್ಲ.

## ಎಷ್ಟು ದಿನ ಬೇಕು, ಕ್ಲಾಸಿಗೆ ಸೇರಬೇಕಾ?

ಯುರೋಪಿನ ಕೌನ್ಸಿಲ್ 2001ರಲ್ಲಿ ಭಾಷಾ ಸಾಮರ್ಥ್ಯಕ್ಕೆ ಎ1ರಿಂದ ಸಿ2ವರೆಗೆ ಆರು ಹಂತಗಳ ಮಾಪಕ ಪ್ರಕಟಿಸಿತು. ಎ1 ತೀರ ಆರಂಭ. ಬಿ1 ಅಂದರೆ ಪರಿಚಿತ ವಿಷಯದಲ್ಲಿ ಕೆಲಸ ನಡೆಸಬಲ್ಲ ಮಟ್ಟ. ಬಿ2 ಅಂದರೆ ಹೆಚ್ಚು ತಡವರಿಸದೆ ಮಾತುಕತೆ ನಡೆಸಬಲ್ಲ ಮಟ್ಟ. ಸೊನ್ನೆಯಿಂದ ಶುರುಮಾಡಿದವರಿಗೆ ಬಿ1ಗೆ 350ರಿಂದ 400, ಬಿ2ಗೆ 500ರಿಂದ 600 ಗಂಟೆಗಳ ಕಲಿಕೆ ಬೇಕೆಂಬುದು ಕೇಂಬ್ರಿಡ್ಜ್ ಪರೀಕ್ಷಾ ಸಂಸ್ಥೆಯ ಅಂದಾಜು. ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲಿನ "30 ದಿನಗಳಲ್ಲಿ ಇಂಗ್ಲಿಷ್" ಪೋಸ್ಟರನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ದಿನಕ್ಕೊಂದು ಗಂಟೆಯಂತೆ ಅದು 30 ಗಂಟೆ.

ಶಾಲೆಯಲ್ಲಿ ಇಂಗ್ಲಿಷ್ ಓದಿದವರು ಸೊನ್ನೆಯಿಂದ ಶುರುಮಾಡಬೇಕಿಲ್ಲ ಎಂಬುದು ಸಮಾಧಾನ. ದಿನಕ್ಕೆ 40 ನಿಮಿಷ ಅಂದರೆ ತಿಂಗಳಿಗೆ 20 ಗಂಟೆ, ವರ್ಷಕ್ಕೆ 240. ಆ 40ರಲ್ಲಿ ಕನಿಷ್ಠ 25 ನಿಮಿಷ ಬಾಯಿ ಆಡುತ್ತಿರಬೇಕು. ಭಾನುವಾರ ಒಂದೇ ದಿನ ಐದು ಗಂಟೆ ಕೂತರೆ ಇದಕ್ಕೆ ಸಮವಾಗುವುದಿಲ್ಲ. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಬೇಗ ಸವೆಯುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. ತಿಂಗಳಿಗೊಮ್ಮೆ ಅದೇ ವಿಷಯದ ಮೇಲೆ ಎರಡು ನಿಮಿಷ ರೆಕಾರ್ಡ್ ಮಾಡಿಟ್ಟು ಹಳೆಯದರ ಜೊತೆ ಹೋಲಿಸಿ. ಒಟ್ಟು ಎಷ್ಟು ಪದ ಆಡಿದಿರಿ, ಮೂರು ಸೆಕೆಂಡಿಗಿಂತ ದೊಡ್ಡ ನಿಲುಗಡೆ ಎಷ್ಟು ಅಂತ ಎಣಿಸಿದರೆ ಸಾಕು.

ಕ್ಲಾಸಿನ ವಿಷಯಕ್ಕೆ ಬಂದರೆ, ಫೀಸು ಕಟ್ಟುವ ಮೊದಲು ಒಂದು ಭಾಗಾಕಾರ ಮಾಡಿ. ಒಂದು ಗಂಟೆಯ ತರಗತಿಯಲ್ಲಿ ಮೇಷ್ಟ್ರು ಅರ್ಧ ಗಂಟೆ ಪಾಠ ಮಾಡಿ, ಉಳಿದ ಅರ್ಧ ಗಂಟೆ ಮೂವತ್ತು ಜನಕ್ಕೆ ಒಬ್ಬೊಬ್ಬರಾಗಿ ಮಾತಾಡಲು ಬಿಟ್ಟರೆ ನಿಮ್ಮ ಪಾಲಿಗೆ ಬರುವುದು ಒಂದು ನಿಮಿಷ. ಅದೇ ಮೂವತ್ತು ಜನರನ್ನು ಇಬ್ಬಿಬ್ಬರಾಗಿ ಕೂರಿಸಿ ಏಕಕಾಲಕ್ಕೆ ಮಾತಾಡಿಸಿದರೆ ಹದಿನೈದು ನಿಮಿಷ. ಒಂದು ದಿನ ಸುಮ್ಮನೆ ಕೂತು ನೋಡಲು ಬಿಡುತ್ತಾರಾ ಎಂದು ಕೇಳಿ. ಬಿಟ್ಟರೆ ಬೋರ್ಡಿನ ಮೇಲೆ ಏನು ಬರೆದಿದ್ದಾರೆ ಅಂತ ನೋಡುವುದು ಬಿಟ್ಟು, ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು ಅವನ ಬಾಯಿ ಎಷ್ಟು ಹೊತ್ತು ಆಡಿತು ಅಂತ ಗಡಿಯಾರ ಹಿಡಿದು ನೋಡಿ.